ನೆಲವನ್ನು ಓದಿ ಕಟ್ಟಿದ ವಿದ್ಯಾಸ್ಥಾನಗಳು

ವಿದ್ಯಾಸಂಸ್ಥೆಯೊಂದನ್ನು ಸ್ಥಾಪಿಸಬೇಕೆಂಬ ಸತ್ಸಂಕಲ್ಪ ಮೂಡಿದೊಡನೆ ನಮ್ಮ ಸಮಾಜದಲ್ಲಿ ನಡೆಯುವ ಕಾರ್ಯಗಳ ಕ್ರಮವನ್ನು ವಾಚಕರು ಬಲ್ಲಿರಿ. ಸಮಿತಿ ರಚನೆಯಾಗುತ್ತದೆ, ಭಕ್ತರಿಂದ ನಿಧಿ ಕೂಡುತ್ತದೆ, ನಕ್ಷೆ ಸಿದ್ಧವಾಗುತ್ತದೆ, ಶಂಕುಸ್ಥಾಪನೆ ನೆರವೇರುತ್ತದೆ. ಮರುದಿನವೇ ಯಂತ್ರ ಬಂದು ನೆಲವನ್ನು ಸಮಮಾಡುತ್ತದೆ; ಇದ್ದ ಮರಗಳು ಉರುಳುತ್ತವೆ; ಮಳೆಗಾಲದಲ್ಲಿ ಮಾತ್ರ ಹರಿಯುತ್ತಿದ್ದ ಸಣ್ಣ ಹಳ್ಳ ಮುಚ್ಚಿಹೋಗುತ್ತದೆ. ಕಟ್ಟಡ ಮೇಲೆದ್ದು ಪ್ರಾರಂಭೋತ್ಸವವೂ ಮುಗಿದ ಮೇಲೆ ನೀರೆಲ್ಲಿ, ನೆರಳೆಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಆಗ ಕೊಳವೆಬಾವಿಯನ್ನು ಕೊರೆಸುತ್ತೇವೆ; ಅದು ಬತ್ತಿದರೆ ಇನ್ನೊಂದನ್ನು ಕೊರೆಸುತ್ತೇವೆ. ಬೇಸಗೆಯಲ್ಲಿ ತರಗತಿಯೊಳಗೆ ಕುಳಿತಿರಲಾಗದು, ಪಂಖಗಳು ತಿರುಗುತ್ತವೆ, ವಿದ್ಯುತ್ತಿನ ಬಿಲ್ಲು ಬೆಳೆಯುತ್ತದೆ.

ಹಿಂದಿನವರ ಕ್ರಮ ಇದಕ್ಕೆ ತೀರ ಭಿನ್ನವಾಗಿತ್ತು. ಅವರು ಮೊದಲು ನೀರನ್ನು ನೋಡಿದರು. ಅನಂತರ ಮರವನ್ನು, ಗಾಳಿಯನ್ನು, ನೆಲದ ಇಳಿಜಾರನ್ನು ನೋಡಿದರು. ಗೋಡೆಯನ್ನು ಕೊನೆಗೆ ಎಬ್ಬಿಸಿದರು. ಇಂದು ಸುಸ್ಥಿರ ವಾಸ್ತುಶಿಲ್ಪವೆಂಬ ಹೊಸ ಹೆಸರಿನಿಂದ ಲೋಕವೆಲ್ಲ ಕೊಂಡಾಡುತ್ತಿರುವ ವಿಚಾರದ ತಿರುಳು ಇದೇ. ಒಂದು ತಲೆಮಾರು ಕಟ್ಟಿದ್ದು ಮುಂದಿನ ತಲೆಮಾರಿಗೆ ಆಸ್ತಿಯಾಗಬೇಕು, ಸಾಲವಾಗಬಾರದು ಎಂಬುದೇ ಅದರ ಸರಳಾರ್ಥ. ಈ ದೃಷ್ಟಿಯಿಂದ ಕೆಲವು ಪ್ರಾಚೀನ ಮತ್ತು ಆಧುನಿಕ ವಿದ್ಯಾಸ್ಥಾನಗಳ ಇತಿಹಾಸವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಕೆರೆಯ ಕೋಡಿಯಲ್ಲೊಂದು ಮಠ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಅಲ್ಲಮಪ್ರಭುಗಳ ಜನ್ಮಭೂಮಿಯೆಂದು ಪರಂಪರೆ ಹೇಳುತ್ತದೆ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಕಾಳಾಮುಖ ಶೈವರ ಒಂದು ಪ್ರಸಿದ್ಧ ಮಠವಿತ್ತು. ಅದರ ಹೆಸರು ಕೋಡಿಯ ಮಠ. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಜಾಗಕ್ಕೆ ನಮ್ಮ ರೈತರು ಕೋಡಿ ಎನ್ನುತ್ತಾರೆ. ವ್ಯಕ್ತಿಯ ಹೆಸರಿನಿಂದಲ್ಲ, ಕೆರೆಯ ಕೋಡಿಯಿಂದ ಒಂದು ವಿದ್ಯಾಪೀಠ ತನ್ನ ಹೆಸರನ್ನು ಪಡೆಯಿತೆಂಬುದನ್ನು ವಾಚಕರು ಗಮನಿಸಬೇಕು.

ಕ್ರಿ.ಶ. 1162ರ ಶಾಸನವೊಂದು ಈ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ವೇದಗಳು, ವ್ಯಾಕರಣಗಳು, ಷಡ್ದರ್ಶನಗಳು, ಯೋಗಶಾಸ್ತ್ರಗಳು, ಪುರಾಣ, ಕಾವ್ಯ, ನಾಟಕಗಳು ಅಲ್ಲಿ ಅಧ್ಯಯನದ ವಿಷಯಗಳಾಗಿದ್ದವು. ಅಷ್ಟೇ ಅಲ್ಲ, ದೀನರು, ಅನಾಥರು, ಅಂಧರು, ಕುಂಟರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ಪಂಥಗಳ ಸಂನ್ಯಾಸಿಗಳು ಇವರೆಲ್ಲರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು. ಇಷ್ಟೊಂದು ಜನಕ್ಕೆ ದಿನವೂ ಅನ್ನವಿಕ್ಕಬೇಕಾದರೆ ನೀರೆಷ್ಟು ಬೇಕು, ಗದ್ದೆಯೆಷ್ಟು ಬೇಕು ಎಂಬುದನ್ನು ಪ್ರಸಾದನಿಲಯಗಳ ಅಡಿಗೆಮನೆಯನ್ನು ಕಂಡವರೆಲ್ಲರೂ ಊಹಿಸಬಲ್ಲರು. ಕೆರೆಯ ಬಳಿ ಮಠ, ಕೆರೆಯ ಕೆಳಗೆ ಗದ್ದೆ, ಗದ್ದೆಯ ಧಾನ್ಯ ಮಠಕ್ಕೆ: ಸ್ಥಳವನ್ನು ಆಯ್ದ ಕ್ಷಣದಲ್ಲಿಯೇ ಅರ್ಧ ವ್ಯವಸ್ಥೆ ಮುಗಿದಿರುತ್ತದೆ. ಸ್ಥಳದ ಆಯ್ಕೆಯೇ ಮೊದಲನೆಯ ವಾಸ್ತುಶಿಲ್ಪ.

ಸಾಲೋಟಗಿ ಮತ್ತು ನಾಗಾವಿ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ತ್ರೈಪುರುಷ ದೇವಾಲಯಕ್ಕೆ ಸೇರಿದಂತೆ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬರುವ ವಿದ್ಯಾರ್ಥಿಗಳ ವಾಸಕ್ಕಾಗಿ 27 ನಿವೇಶನಗಳಿದ್ದವು. ಉಪಾಧ್ಯಾಯನಿಗೆ 50 ನಿವರ್ತನ ಭೂಮಿ. ದೀಪಕ್ಕಾಗಿ 12 ನಿವರ್ತನ ಭೂಮಿ. ಊರಿನ ಮದುವೆ ಮುಂತಾದ ಶುಭಕಾರ್ಯಗಳಲ್ಲಿ ಶಾಲೆಗೆ ಇಂತಿಷ್ಟು ಹಣ ಸಲ್ಲಬೇಕೆಂದೂ ಕಟ್ಟಳೆಯಾಗಿತ್ತು.

ದೀಪಕ್ಕೆಂದೇ ಭೂಮಿ ಬಿಟ್ಟ ವಿವೇಕವನ್ನು ಕ್ಷಣಕಾಲ ಯೋಚಿಸಿ ನೋಡಿರಿ. ಕಟ್ಟಿಸಿದವನು ಕಟ್ಟಿಸಿ ಹೋಗಿಬಿಡಲಿಲ್ಲ. ತಾನಿಲ್ಲದ ಕಾಲದಲ್ಲಿಯೂ ಆ ಶಾಲೆಯಲ್ಲಿ ಸಂಜೆಯ ದೀಪ ಹತ್ತುತ್ತಿರಬೇಕೆಂದು ಲೆಕ್ಕಹಾಕಿದನು. ಇಂದು ನಾವು ವಿದ್ಯುತ್ತಿನ ಬಿಲ್ಲು ಎನ್ನುವುದನ್ನು ಅವನು ಕಟ್ಟುವ ದಿನವೇ ತೀರಿಸಿದ್ದನು.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಕ್ರಿ.ಶ. 1058ರ ಶಾಸನದ ಪ್ರಕಾರ ಅಲ್ಲಿ ವೇದಾಧ್ಯಯನದ ವಿದ್ಯಾರ್ಥಿಗಳೇ 200 ಮಂದಿ. ಗ್ರಂಥಗಳನ್ನು ಕಾಯಲು 6 ಮಂದಿ ಸರಸ್ವತೀ ಭಂಡಾರಿಗರು. ಇಂದಿಗೂ ಅಲ್ಲಿ ಅರವತ್ತು ಕಂಬದ ಗುಡಿ ನಿಂತಿದೆ. ಸುತ್ತಮುತ್ತಲಿನ ನೆಲದ ಕಲ್ಲೇ ಆ ನಾಡಿನ ಕಟ್ಟಡಗಳ ಬಲ. ಬೇಸಗೆಯ ಉರಿ ಬಿಸಿಲಿಗೆ ಹೆಸರಾದ ಆ ಪ್ರದೇಶದಲ್ಲಿ ದಪ್ಪ ಗೋಡೆಯೂ ಕಂಬಸಾಲಿನ ನೆರಳೂ ಅಲಂಕಾರವಲ್ಲ, ಅವಶ್ಯಕತೆ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಹಳೆಯದೆಲ್ಲವೂ ಅನುಕರಣೀಯವಲ್ಲ. ಅಗ್ರಹಾರ, ಘಟಿಕಾಸ್ಥಾನಗಳ ಬಾಗಿಲು ಎಲ್ಲರ ಮಕ್ಕಳಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗಂತೂ ತೆರೆದಿರಲೇ ಇಲ್ಲ. ಆ ಬಾಗಿಲನ್ನು ತೆರೆಯುವ ಕಾರ್ಯವನ್ನು ಶರಣರ ಚಳುವಳಿ ಆರಂಭಿಸಿತು; ಇಪ್ಪತ್ತನೆಯ ಶತಮಾನದ ಪ್ರಸಾದನಿಲಯಗಳು ಅದನ್ನು ಹಳ್ಳಿಹಳ್ಳಿಯ ಮಕ್ಕಳವರೆಗೂ ವಿಸ್ತರಿಸಿದವು. ಹಿಂದಿನವರಿಂದ ನಾವು ಕಲಿಯಬೇಕಾದದ್ದು ಯಾರನ್ನು ಒಳಗೆ ಬಿಡಬೇಕೆಂಬುದನ್ನಲ್ಲ, ನೆಲವನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು.

ನಾಲಂದಾ: ಮಾವಿನ ತೋಪು ಮತ್ತು ಕೊಳ

ಕರ್ನಾಟಕದ ಗಡಿಯನ್ನು ದಾಟಿ ಮಗಧದತ್ತ ನೋಡೋಣ. ಕ್ರಿ.ಶ. ಐದನೆಯ ಶತಮಾನದಲ್ಲಿ ಗುಪ್ತರ ಕುಮಾರಗುಪ್ತನ ಕಾಲದಲ್ಲಿ ರೂಪುಗೊಂಡು ಹನ್ನೆರಡನೆಯ ಶತಮಾನದ ಕೊನೆಯವರೆಗೆ ಬಾಳಿದ ನಾಲಂದಾ ಮಹಾವಿಹಾರದ ಹೆಸರನ್ನು ಕೇಳದವರಿಲ್ಲ. ಏಳನೆಯ ಶತಮಾನದಲ್ಲಿ ಅಲ್ಲಿ ವ್ಯಾಸಂಗಮಾಡಿದ ಚೀನೀ ಯಾತ್ರಿಕ ಹ್ಯೂಎನ್‌ತ್ಸಾಂಗ್ ಆ ಹೆಸರಿನ ಬಗೆಗೆ ಎರಡು ಐತಿಹ್ಯಗಳನ್ನು ದಾಖಲಿಸಿದ್ದಾನೆ. ವಿಹಾರದ ದಕ್ಷಿಣಕ್ಕೆ ಮಾವಿನ ತೋಪಿನ ನಡುವೆ ಒಂದು ಕೊಳವಿತ್ತು; ಅದರಲ್ಲಿ ವಾಸವಾಗಿದ್ದ ನಾಗನ ಹೆಸರೇ ನಾಲಂದಾ ಎಂಬುದು ಒಂದು. ಎಷ್ಟು ಕೊಟ್ಟರೂ ಸಾಕೆನ್ನದ ದಾನಶೀಲ ಎಂಬರ್ಥದಲ್ಲಿ ಆ ಹೆಸರು ಬಂದಿತೆಂಬುದು ಇನ್ನೊಂದು. ಐನೂರು ಮಂದಿ ವರ್ತಕರು ಕೂಡಿ ಆ ಮಾವಿನ ತೋಪನ್ನು ಕೊಂಡು ಬುದ್ಧನಿಗೆ ಅರ್ಪಿಸಿದರೆಂದೂ ಅವನು ಹೇಳುತ್ತಾನೆ. ಕೊಳ, ತೋಪು, ದಾನ ಈ ಮೂರೂ ಕೂಡಿ ಆ ವಿದ್ಯಾಸ್ಥಾನದ ಹೆಸರಿನಲ್ಲಿಯೇ ಬೆಸೆದುಕೊಂಡಿವೆ.

ಅವನ ತರುವಾಯ ಬಂದ ಇತ್ಸಿಂಗ್ ಎಂಬ ಯಾತ್ರಿಕನು ಅಲ್ಲಿಯ ದಿನಚರಿಯನ್ನು ಹೆಚ್ಚು ವಿವರವಾಗಿ ತಿಳಿಸುತ್ತಾನೆ. ವಿಹಾರದ ಬಳಿ ಹತ್ತಕ್ಕೂ ಹೆಚ್ಚು ದೊಡ್ಡ ಕೊಳಗಳಿದ್ದವು. ಬೆಳಗ್ಗೆ ಘಂಟೆ ಬಾರಿಸಿದೊಡನೆ ಭಿಕ್ಷುಗಳು ಸ್ನಾನಕ್ಕೆ ಹೋಗುತ್ತಿದ್ದರು. ವಿಹಾರದ ಪೋಷಣೆಗೆ 200ಕ್ಕೂ ಹೆಚ್ಚು ಗ್ರಾಮಗಳ ಆದಾಯ ಮೀಸಲಾಗಿತ್ತು.

1915ರಿಂದ 1937ರವರೆಗೆ ಪುರಾತತ್ತ್ವ ಇಲಾಖೆ ನಡೆಸಿದ ಉತ್ಖನನದಲ್ಲಿ ಈ ಮಹಾವಿಹಾರದ ವಿನ್ಯಾಸ ಬೆಳಕಿಗೆ ಬಂದಿತು. ಒಂದು ಕಡೆ ಚೈತ್ಯಗಳ ಸಾಲು, ಇನ್ನೊಂದು ಕಡೆ ವಿಹಾರಗಳ ಸಾಲು, ನಡುವೆ ಅಗಲವಾದ ದಾರಿ. ಪ್ರತಿಯೊಂದು ವಿಹಾರದ ನಡುವೆ ತೆರೆದ ಅಂಗಳ; ಅಂಗಳದ ಸುತ್ತ ಮೊಗಸಾಲೆ; ಮೊಗಸಾಲೆಯ ಹಿಂದೆ ವಿದ್ಯಾರ್ಥಿಗಳ ಕೋಣೆಗಳು; ಅಂಗಳದಲ್ಲಿ ಬಾವಿ; ನೀರು ಹೊರಹೋಗಲು ಇಟ್ಟಿಗೆಯ ಮೋರಿ. ನಮ್ಮ ಹಳೆಯ ತೊಟ್ಟಿಮನೆಗಳನ್ನು ಕಂಡವರಿಗೆ ಇದರ ಗುಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳ ಬೆಳಕನ್ನು ಒಳಗೆ ತರುತ್ತದೆ. ಕಾದ ಗಾಳಿ ಅಂಗಳದಿಂದ ಮೇಲೇರುತ್ತದೆ. ಮೊಗಸಾಲೆ ಬಿಸಿಲನ್ನೂ ಮಳೆಯನ್ನೂ ಕೋಣೆಯಿಂದ ದೂರವಿಡುತ್ತದೆ. ದಪ್ಪ ಗೋಡೆ ಹಗಲಿನ ಕಾವನ್ನು ಒಳಕ್ಕೆ ಬೇಗ ಬಿಡುವುದಿಲ್ಲ.

ಮತ್ತೊಂದು ಸಂಗತಿ ಉತ್ಖನನಕಾರರನ್ನು ಬೆರಗುಗೊಳಿಸಿತು. ಹಳೆಯ ವಿಹಾರ ಶಿಥಿಲವಾದಾಗ ಹೊಸ ನೆಲವನ್ನು ಹುಡುಕಿಕೊಂಡು ಹೋಗದೆ ಅದೇ ತಳಪಾಯದ ಮೇಲೆ, ಬಹುಮಟ್ಟಿಗೆ ಅದೇ ವಿನ್ಯಾಸದಲ್ಲಿ, ಒಂದರ ಮೇಲೊಂದರಂತೆ ಅನೇಕ ಬಾರಿ ಕಟ್ಟಿದ್ದರು. ಏಳು ಶತಮಾನಗಳ ಬಾಳಿಕೆಯ ಗುಟ್ಟು ಇಲ್ಲಿದೆ. ಕಟ್ಟಡ ನಶ್ವರ; ಅದನ್ನು ಮರಳಿ ಮರಳಿ ನಿಲ್ಲಿಸುವ ಸಮುದಾಯ ಶಾಶ್ವತ. ಆ ಸಮುದಾಯವೂ ಅದನ್ನು ಪೋಷಿಸುತ್ತಿದ್ದ ಗ್ರಾಮಗಳೂ ಇಲ್ಲವಾದಾಗ ನಾಲಂದಾ ಮಣ್ಣಿನ ದಿಬ್ಬವಾಯಿತು.

ನಡುವೆ ಬಂದ ಮರೆವು

ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲ ವಿದ್ಯಾಭ್ಯಾಸದೊಡನೆ ಹೊಸ ಬಗೆಯ ಕಾಲೇಜು ಕಟ್ಟಡಗಳೂ ಬಂದವು. ಅವುಗಳಲ್ಲಿ ಎತ್ತರವಾದ ಮಾಡು, ಅಗಲವಾದ ವೆರಾಂಡಾ, ಕಲ್ಲಿನ ಗೋಡೆ ಇದ್ದುದರಿಂದ ಹೆಚ್ಚಿನ ತೊಂದರೆಯಾಗಲಿಲ್ಲ. ನಿಜವಾದ ಮರೆವು ಬಂದದ್ದು ಸಿಮೆಂಟು, ಉಕ್ಕು, ವಿದ್ಯುಚ್ಛಕ್ತಿ ಇವು ಸುಲಭವಾದ ಮೇಲೆ. ಗಾಳಿ ಬಾರದಿದ್ದರೆ ಪಂಖವಿದೆ, ಬೆಳಕಿಲ್ಲದಿದ್ದರೆ ದೀಪವಿದೆ, ನೀರಿಲ್ಲದಿದ್ದರೆ ಪಂಪು ಇದೆ ಎಂಬ ಧೈರ್ಯದಿಂದ ನೆಲವನ್ನು ಓದುವ ಅಭ್ಯಾಸ ತಪ್ಪಿಹೋಯಿತು. ಬೀದರಿನಲ್ಲಾಗಲಿ, ಮಡಿಕೇರಿಯಲ್ಲಾಗಲಿ, ಮಂಗಳೂರಿನಲ್ಲಾಗಲಿ ಒಂದೇ ನಕ್ಷೆಯ ಕಟ್ಟಡಗಳು ಎದ್ದವು.

ಆ ಕಾಲದಲ್ಲಿಯೂ ಎಚ್ಚರವಿದ್ದವರು ಇಲ್ಲದಿರಲಿಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನು ಪ್ರಾರಂಭಿಸಿದಾಗ ಮರದ ನೆರಳನ್ನೇ ತರಗತಿಯಾಗಿಸಿದರು. 1935ರಲ್ಲಿ ತಮ್ಮ ವಾಸಕ್ಕಾಗಿ ಅಲ್ಲಿ ಶ್ಯಾಮಲಿ ಎಂಬ ಮನೆಯನ್ನು ಕಟ್ಟಿಸಿದರು; ಅದರ ಗೋಡೆ ಮಾತ್ರವಲ್ಲ, ಛಾವಣಿಯೂ ಮಣ್ಣಿನದೇ. ವಿಶ್ವವೇ ಗೌರವಿಸುತ್ತಿದ್ದ ಕವಿ ಬಡವನ ಮಣ್ಣಿನ ಮನೆಯನ್ನು ಆರಿಸಿಕೊಂಡದ್ದು ಒಂದು ಉಪದೇಶಕ್ಕೆ ಸಮಾನ. ನಮ್ಮ ಮೈಸೂರಿನಲ್ಲಿ 1960ರ ಹೊತ್ತಿಗೆ ವಿಶ್ವವಿದ್ಯಾನಿಲಯದ ಹೊಸ ಆವರಣ ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ತಲೆಯೆತ್ತಿದಾಗ ಕುವೆಂಪು ಅವರು ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಆ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1864ರದ್ದು. ಒಂದು ಶತಮಾನ ಹಿಂದಿನವರು ಕಟ್ಟಿದ ಕೆರೆ ಒಂದು ಶತಮಾನ ಮುಂದಿನವರ ವಿದ್ಯಾವನಕ್ಕೆ ತಂಪನ್ನು ಕೊಟ್ಟಿತು.

ತಿರುವನಂತಪುರದ ಗುಡ್ಡದ ಮೇಲೆ

ಮರೆತ ಮಾರ್ಗಕ್ಕೆ ಮರಳಿದವರಲ್ಲಿ ಮೊದಲು ಸ್ಮರಿಸಬೇಕಾದ ಹೆಸರು ಲಾರಿ ಬೇಕರ್ ಅವರದು. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜನಿಸಿದ ಈ ವಾಸ್ತುಶಿಲ್ಪಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನಾದಲ್ಲಿ ಶುಶ್ರೂಷೆಯ ಕಾರ್ಯದಲ್ಲಿದ್ದರು. ಊರಿಗೆ ಮರಳುವ ದಾರಿಯಲ್ಲಿ ಹಡಗಿಗಾಗಿ ಮುಂಬಯಿಯಲ್ಲಿ ಕಾಯಬೇಕಾಗಿ ಬಂದಾಗ ಗಾಂಧೀಜಿಯವರ ದರ್ಶನವಾಯಿತು. ಕಟ್ಟಡಕ್ಕೆ ಬೇಕಾದ ಸಾಮಗ್ರಿಯೆಲ್ಲ ಐದು ಮೈಲಿಗಳ ಒಳಗೇ ದೊರೆಯುವಂತಿರಬೇಕೆಂಬ ಮಹಾತ್ಮರ ವಿಚಾರ ಅವರ ಬಾಳಿಗೆ ದಾರಿಯಾಯಿತು. ಭಾರತಕ್ಕೆ ಬಂದು ಕುಷ್ಠರೋಗಿಗಳ ಆಸ್ಪತ್ರೆಗಳಿಗಾಗಿ ದುಡಿದರು; ಹಿಮಾಲಯದ ಪಿಥೋರಗಢದಲ್ಲಿ ವರ್ಷಗಟ್ಟಲೆ ನೆಲಸಿ ಅಲ್ಲಿಯ ಹಳ್ಳಿಗರಿಂದ ಕಲ್ಲುಮಣ್ಣಿನ ಕೆಲಸವನ್ನು ಕಲಿತರು; ಮುಂದೆ ಕೇರಳಕ್ಕೆ ಬಂದರು. 1990ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದ ಅವರು 2007ರಲ್ಲಿ ತಿರುವನಂತಪುರದಲ್ಲಿ ಕೊನೆಯುಸಿರೆಳೆದರು.

ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರು ಮುಖ್ಯಮಂತ್ರಿ ಅಚ್ಯುತ ಮೆನನ್ ಅವರ ಬೆಂಬಲದಿಂದ ತಿರುವನಂತಪುರದ ಉಳ್ಳೂರಿನಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದಾಗ, 1970ರ ದಶಕದ ಆರಂಭದಲ್ಲಿ, ಅದರ ಆವರಣವನ್ನು ಕಟ್ಟುವ ಭಾರ ಬೇಕರರ ಮೇಲೆ ಬಿದ್ದಿತು. ಸ್ಥಳವೊಂದು ಗುಡ್ಡ, ತುಂಬ ಮರಗಳು. ಬೇರೆಯವರಾಗಿದ್ದರೆ ಗುಡ್ಡವನ್ನು ಕಡಿದು ಸಮಮಾಡುತ್ತಿದ್ದರು. ಬೇಕರರು ಇಳಿಜಾರನ್ನು ಹಾಗೆಯೇ ಬಿಟ್ಟರು. ಮರವಿದ್ದಲ್ಲಿ ಗೋಡೆಯನ್ನೇ ಬಾಗಿಸಿದರು. ಗ್ರಂಥಾಲಯದ ಇಟ್ಟಿಗೆಯ ಗೋಪುರ ಎಲ್ಲಕ್ಕಿಂತ ಎತ್ತರದಲ್ಲಿ ಎದ್ದಿತು. ಮೆಟ್ಟಿಲು, ಅಂಗಳ, ಕಟ್ಟೆಗಳು ಗುಡ್ಡದ ಮೈಯನ್ನು ಅನುಸರಿಸಿ ಹಬ್ಬಿದವು.

ಅವರ ಉಪಾಯಗಳಲ್ಲಿ ಮೂರನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮೊದಲನೆಯದು ಜಾಲಂಧ್ರದ ಗೋಡೆ: ಇಟ್ಟಿಗೆಗಳ ನಡುವೆ ಕ್ರಮವಾಗಿ ರಂಧ್ರಗಳನ್ನು ಬಿಟ್ಟು ಕಟ್ಟಿದರೆ ಕಿಟಕಿಯ ಮರವೂ ಉಳಿಯುತ್ತದೆ, ಗಾಳಿಯೂ ಸದಾ ಆಡುತ್ತದೆ, ಬಿಸಿಲು ಚೂರುಚೂರಾಗಿ ಮೃದುವಾಗಿ ಒಳಬರುತ್ತದೆ. ಎರಡನೆಯದು ಪೊಳ್ಳುಗೋಡೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ನಡುವೆ ತೆರಪು ಬಿಡುವ ಈ ಪದ್ಧತಿಗೆ ಕೆಲಸಗಾರರು ರ್‍ಯಾಟ್ ಟ್ರ್ಯಾಪ್ ಎನ್ನುತ್ತಾರೆ; ಇದರಿಂದ ಸುಮಾರು ನಾಲ್ಕರಲ್ಲೊಂದು ಪಾಲು ಇಟ್ಟಿಗೆ ಉಳಿಯುತ್ತದೆ, ನಡುವಿನ ಗಾಳಿ ಕಾವನ್ನು ತಡೆಯುತ್ತದೆ. ಮೂರನೆಯದು ತುಂಬುಹೆಂಚಿನ ತಾರಸಿ. ಕಾಂಕ್ರೀಟಿನ ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಉಕ್ಕಿನ ಸರಳು. ಅಲ್ಲಿಯ ಕಾಂಕ್ರೀಟು ಕೇವಲ ಭಾರ. ಆ ಜಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಇರಿಸಿದರೆ ಸಿಮೆಂಟೂ ಉಕ್ಕೂ ಉಳಿಯುತ್ತವೆ, ಕೋಣೆಯೂ ತಂಪಾಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ನೇತ್ರಾವತಿಯ ದಂಡೆಯಲ್ಲಿ ಮೊದಲ ಕಾರ್ಖಾನೆ ತೆರೆದಂದಿನಿಂದ ನಾಡಿನ ಮಾಡುಗಳನ್ನು ಹೊದಿಸಿದ ಅದೇ ಹೆಂಚು, ಒಡೆದು ಮೂಲೆಗೆ ಬಿದ್ದ ಮೇಲೂ ಹೀಗೆ ವಿದ್ಯಾಸೇವೆಗೆ ಒದಗಿತು.

ಬೆಂಗಳೂರಿನ ಕಲ್ಲು ಮತ್ತು ಮಣ್ಣು

ಅದೇ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿ ಎರಡು ಮಹತ್ತ್ವದ ಕಾರ್ಯಗಳು ನಡೆದವು. 1973ರಲ್ಲಿ ಸ್ಥಾಪಿತವಾದ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಗೆ, ಅಂದರೆ ಐಐಎಮ್‌ಗೆ, ಬನ್ನೇರುಘಟ್ಟ ರಸ್ತೆಯಲ್ಲಿ ಸುಮಾರು 100 ಎಕರೆಗಳ ಆವರಣ ರೂಪುಗೊಂಡಿತು. ಅದರ ಶಿಲ್ಪಿ ಪುಣೆಯಲ್ಲಿ ಜನಿಸಿ ಅಹಮದಾಬಾದಿನಲ್ಲಿ ನೆಲಸಿದ ಬಾಲಕೃಷ್ಣ ದೋಶಿಯವರು. ಬೆಂಗಳೂರಿನ ಹವೆ ವರ್ಷದ ಬಹುಭಾಗ ಹೊರಗೆ ಓಡಾಡಲು ಹಿತಕರವಾದುದರಿಂದ ಎಲ್ಲವನ್ನೂ ಒಂದೇ ಮುಚ್ಚಿದ ಕಟ್ಟಡದೊಳಗೆ ತುಂಬುವ ಅಗತ್ಯವಿಲ್ಲವೆಂದು ಅವರು ಕಂಡುಕೊಂಡರು. ಫತೇಪುರ್ ಸಿಕ್ರಿಯ ಅಂಗಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಅಂಗಳಗಳನ್ನೂ ಉದ್ದನೆಯ ಎತ್ತರವಾದ ಮೊಗಸಾಲೆಗಳನ್ನೂ ಹೆಣೆದರು. ಕೆಲವು ಮೊಗಸಾಲೆಗಳ ಮೇಲೆ ಪೂರ್ಣ ಛಾವಣಿ, ಕೆಲವುಗಳ ಮೇಲೆ ಬಳ್ಳಿ ಹಬ್ಬುವ ಚಪ್ಪರದ ತೊಲೆಗಳು ಮಾತ್ರ. ಗೋಡೆಗಳಿಗೆ ಬೆಂಗಳೂರಿನ ಸುತ್ತಲಿನ ಬೂದುಬಣ್ಣದ ಗ್ರಾನೈಟ್ ಕಲ್ಲು. ಗಿಡಮರಗಳನ್ನು ಕಟ್ಟಡದ ಅಂಗವೆಂದೇ ಎಣಿಸಿದುದರಿಂದ, ಕಟ್ಟಡ ಹಳೆಯದಾದಷ್ಟೂ ಆವರಣ ತಂಪಾಗುತ್ತ ಹೋಯಿತು.

ಎರಡನೆಯದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಪ್ರಾರಂಭವಾದ ಆಸ್ತ್ರ ಕೇಂದ್ರ. ಹಳ್ಳಿಗಳಿಗೆ ಒದಗುವ ತಂತ್ರವಿದ್ಯೆಯೇ ಅದರ ಗುರಿ. ಕೆ.ಎಸ್. ಜಗದೀಶ್ ಮೊದಲಾದ ವಿದ್ವಾಂಸರು ಅಲ್ಲಿ ಮಣ್ಣಿನ ಗೋಡೆಯ ಮೇಲೆ ಸಂಶೋಧನೆ ನಡೆಸಿದರು. ಕೆಂಪು ಮಣ್ಣಿಗೆ ತಕ್ಕಷ್ಟು ಮರಳನ್ನೂ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟನ್ನೂ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದರೆ ಗಟ್ಟಿಯಾದ ಇಟ್ಟಿಗೆ ಸಿದ್ಧವಾಗುತ್ತದೆ. ಸುಡುವ ಕೆಲಸವಿಲ್ಲ, ಆದ್ದರಿಂದ ಸೌದೆಯೂ ಇಲ್ಲ, ಕಲ್ಲಿದ್ದಲೂ ಇಲ್ಲ. ಸುಟ್ಟ ಇಟ್ಟಿಗೆಗೆ ಬೇಕಾದುದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ಕೆಲಸವಾಗುತ್ತದೆ. ನಮ್ಮ ಪೂರ್ವಿಕರ ಮಣ್ಣಿನ ಗೋಡೆಗೆ ವಿಜ್ಞಾನವು ಕೊಟ್ಟ ಮರುಜನ್ಮವಿದು.

ಮರಳಿ ನಾಲಂದಾ

ಇತಿಹಾಸದ ಚಕ್ರ ಸುತ್ತಿ ಬಂದ ಬಗೆ ಆಶ್ಚರ್ಯಕರ. 2010ರ ಶಾಸನದ ಮೂಲಕ ನಾಲಂದಾ ವಿಶ್ವವಿದ್ಯಾನಿಲಯ ಮರುಹುಟ್ಟು ಪಡೆಯಿತು. 2014ರಲ್ಲಿ ತರಗತಿಗಳು ಆರಂಭವಾದವು. ರಾಜಗೀರ್ ಬೆಟ್ಟಗಳ ಬುಡದಲ್ಲಿ 455 ಎಕರೆಗಳ ಆವರಣ 2024ರ ಜೂನ್ 19ರಂದು ಉದ್ಘಾಟನೆಗೊಂಡಿತು. ಅದರ ವಿನ್ಯಾಸವನ್ನು ರೂಪಿಸಿದ್ದು ಬೆಂಗಳೂರಿನ ಐಐಎಮ್ ಅನ್ನು ಕಟ್ಟಿದ ದೋಶಿಯವರ ಸಂಸ್ಥೆಯೇ. 2023ರ ಜನವರಿಯಲ್ಲಿ ನಿಧನರಾದ ದೋಶಿಯವರು ಆ ಉದ್ಘಾಟನೆಯನ್ನು ಕಾಣಲಿಲ್ಲ.

ಈ ಆವರಣದ ನಕ್ಷೆಯಲ್ಲಿ ಸುಮಾರು 100 ಎಕರೆ ನೀರಿಗೇ ಮೀಸಲು. ಮಗಧದ ರೈತರ ಆಹರ್–ಪೈನ್ ಎಂಬ ಹಳೆಯ ನೀರಾವರಿ ಕ್ರಮವನ್ನು ಶಿಲ್ಪಿಗಳು ಇಲ್ಲಿ ಅಳವಡಿಸಿದ್ದಾರೆ. ಪೈನ್ ಎಂದರೆ ಹೊಳೆಯ ನೀರನ್ನು ತರುವ ಕಾಲುವೆ. ಆಹರ್ ಎಂದರೆ ಮೂರು ಕಡೆ ಏರಿ ಕಟ್ಟಿ, ನೀರು ಬರುವ ನಾಲ್ಕನೆಯ ಕಡೆಯನ್ನು ತೆರೆದಿಟ್ಟ ಜಲಾಶಯ. ನಮ್ಮ ಕೆರೆ ಮತ್ತು ಅದರ ಕಾಲುವೆಗಳ ಸೋದರ ಪದ್ಧತಿ ಇದು. ಗೋಡೆಗಳಿಗೆ ಸುಡದೆ ಒತ್ತಿದ ಮಣ್ಣಿನ ಇಟ್ಟಿಗೆಗಳನ್ನು ಬಳಸಿದ್ದಾರೆ. ಸೂರ್ಯಶಕ್ತಿಯಿಂದ ವಿದ್ಯುತ್ತನ್ನು ಪಡೆಯುವ ದೊಡ್ಡ ಸ್ಥಾವರವಿದೆ. ಬಳಸಿದ ನೀರನ್ನು ಶುದ್ಧಿಮಾಡಿ ಮತ್ತೆ ಬಳಸುವ ಏರ್ಪಾಡಿದೆ. ಮಾವಿನ ತೋಪಿನ ಕೊಳದ ದಂಡೆಯಲ್ಲಿ ಹುಟ್ಟಿದ ವಿದ್ಯಾಸ್ಥಾನ ಎಂಟು ಶತಮಾನಗಳ ತರುವಾಯ ಮತ್ತೆ ಕೊಳದ ದಂಡೆಯನ್ನೇ ಆಶ್ರಯಿಸಿತು.

ಸಂರಕ್ಷಣೆಯಿಲ್ಲದ ಸೊಬಗು

ಆದರೆ ಕಟ್ಟಿದ ಮಾತ್ರಕ್ಕೆ ಎಲ್ಲವೂ ಮುಗಿಯದು. ಅಹಮದಾಬಾದಿನ ಐಐಎಮ್ ಆವರಣದ ಕಥೆ ನಮಗೆ ಎಚ್ಚರಿಕೆಯಾಗಬೇಕು. ದೋಶಿಯವರ ಪ್ರಯತ್ನದಿಂದ 1962ರಲ್ಲಿ ಅಮೇರಿಕದ ಲೂಯಿ ಕಾಹ್ನ್ ಎಂಬ ಮಹಾಶಿಲ್ಪಿ ಆ ಕಾರ್ಯವನ್ನು ವಹಿಸಿಕೊಂಡರು. ಬರಿಯ ಇಟ್ಟಿಗೆಯ ಕಮಾನುಗಳಿಂದ ಅವರು ಎಬ್ಬಿಸಿದ ಕಟ್ಟಡಗಳನ್ನು ನೋಡಲು ದೇಶವಿದೇಶಗಳಿಂದ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಬರುತ್ತಿದ್ದರು. ಕಾಲಾಂತರದಲ್ಲಿ ಇಟ್ಟಿಗೆಗಳ ನಡುವಿನ ಕಬ್ಬಿಣದ ಸರಳುಗಳು ತುಕ್ಕು ಹಿಡಿದವು, ನೀರು ಇಳಿಯಿತು, 2001ರ ಭೂಕಂಪವೂ ಘಾಸಿಮಾಡಿತು. 2020ರ ಡಿಸೆಂಬರಿನಲ್ಲಿ 18 ವಿದ್ಯಾರ್ಥಿ ನಿಲಯಗಳ ಪೈಕಿ 14ನ್ನು ಕೆಡಹಲು ಸಂಸ್ಥೆ ಮುಂದಾದಾಗ ಲೋಕದಾದ್ಯಂತ ಪ್ರತಿಭಟನೆ ಎದ್ದು ಆ ನಿರ್ಧಾರವನ್ನು ಹಿಂತೆಗೆದುಕೊಳ್ಳಬೇಕಾಯಿತು. 2022ರಲ್ಲಿ ಅದೇ ಪ್ರಶ್ನೆ ಮತ್ತೆ ಎದುರಾಯಿತು. ಮಹಾಶಿಲ್ಪಿಯ ಕೃತಿಗೇ ಅರುವತ್ತು ವರ್ಷಗಳೊಳಗೆ ಈ ಸ್ಥಿತಿ ಬರುವುದಾದರೆ ಸಾಮಾನ್ಯ ಕಟ್ಟಡಗಳ ಪಾಡೇನು? ಸಾಲೋಟಗಿಯ ದೀಪದ ಭೂಮಿಯೂ ನಾಲಂದಾದಲ್ಲಿ ಮರಳಿ ಮರಳಿ ಹಾಕಿದ ನೆಲಗಟ್ಟೂ ಈಗ ಹೊಸ ಅರ್ಥದಿಂದ ನಮ್ಮ ಮುಂದೆ ನಿಲ್ಲುತ್ತವೆ.

ನಮ್ಮ ಮುಂದಿರುವ ಕರ್ತವ್ಯ

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಪ್ರಸಾದನಿಲಯಗಳಲ್ಲಿ ಓದಿ ಬೆಳೆದವರು, ಕೆಲವರು ಇಂದು ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಇರುವವರು, ಹಲವರು ದಾನಿಗಳು. ಆದ್ದರಿಂದ ಇತಿಹಾಸದ ಪಾಠವನ್ನು ನೇರವಾಗಿ ನಿಮ್ಮ ಮುಂದಿಡುತ್ತೇವೆ.

ಹೊಸ ಕಾಲೇಜಿಗೆ ನೆಲ ದೊರೆತರೆ ನಕ್ಷೆಗೆ ಮುನ್ನ ಒಂದು ಮಳೆಗಾಲ ಆ ನೆಲದ ಮೇಲೆ ನಡೆದಾಡಿರಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊರಬೀಳುತ್ತದೆ ಎಂಬುದನ್ನು ಆ ಊರಿನ ಹಿರಿಯ ರೈತರನ್ನು ಕೇಳಿ ತಿಳಿಯಿರಿ. ನೀರು ನಿಲ್ಲುವ ಜಾಗದಲ್ಲಿ ಕಟ್ಟಡವನ್ನಲ್ಲ, ಕಟ್ಟೆಯನ್ನು ಕಟ್ಟಿರಿ.

ಛಾವಣಿಯ ನೀರಿನ ಲೆಕ್ಕ ಬಹು ಸರಳ. ಸಾವಿರ ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 6 ಲಕ್ಷ ಲೀಟರ್. ಐದರಲ್ಲೊಂದು ಪಾಲು ಹಾಳಾಯಿತೆಂದರೂ 4,80,000 ಲೀಟರ್ ಉಳಿಯುತ್ತದೆ. ಇನ್ನೂರು ವಿದ್ಯಾರ್ಥಿಗಳ ನಿಲಯದಲ್ಲಿ ಸ್ನಾನಾದಿಗಳೆಲ್ಲ ಸೇರಿ ತಲೆಗೆ 135 ಲೀಟರಿನಂತೆ ಬಳಸಿದರೆ ಇದು ಹದಿನೆಂಟು ದಿನಗಳಿಗೂ ಸಾಲದು. ಕುಡಿಯಲು ಮತ್ತು ಅಡಿಗೆಗೆ ಮಾತ್ರ ತಲೆಗೆ 10 ಲೀಟರಿನಂತೆ ಮೀಸಲಿಟ್ಟರೆ 240 ದಿನಗಳಿಗೆ ಸಾಕು. ಆದುದರಿಂದ ಛಾವಣಿಯ ನೀರು ಬಾಯಿಗೆ, ನೆಲದ ನೀರು ಬಾವಿಗೆ, ಬಳಸಿದ ನೀರು ಗಿಡಕ್ಕೆ ಎಂಬ ವಿಂಗಡಣೆಯನ್ನು ನಕ್ಷೆಯಲ್ಲಿಯೇ ಬರೆಯಿಸಬೇಕು. ಅದಕ್ಕೆ ತಕ್ಕ ತೊಟ್ಟಿಯ ಖರ್ಚು ಕಟ್ಟಡದ ಖರ್ಚಿನ ಜೊತೆಗೇ ಸೇರಬೇಕು.

ಕಟ್ಟಡದ ಉದ್ದನೆಯ ಮುಖಗಳು ಉತ್ತರಕ್ಕೂ ದಕ್ಷಿಣಕ್ಕೂ ಇರಲಿ. ಮಧ್ಯಾಹ್ನದ ಎತ್ತರದ ಸೂರ್ಯನನ್ನು ಸಣ್ಣದೊಂದು ಮುಂಚಾಚು ತಡೆಯಬಲ್ಲುದು. ಬೆಳಗಿನ ಮತ್ತು ಸಂಜೆಯ ತಗ್ಗಿನ ಬಿಸಿಲು ಪೂರ್ವಪಶ್ಚಿಮಗಳಿಂದ ನೇರವಾಗಿ ಒಳನುಗ್ಗುತ್ತದೆ. ತರಗತಿಯ ಎರಡೂ ಕಡೆ ಎದುರುಬದುರಾಗಿ ಕಿಟಕಿಗಳಿರಲಿ. ಬರಿಯ ಕಾಂಕ್ರೀಟು ತಾರಸಿ ಹಗಲೆಲ್ಲ ಕಾವನ್ನು ಕುಡಿದು ರಾತ್ರಿ ಅದನ್ನು ಕೆಳಗೆ ಸುರಿಸುತ್ತದೆ; ನಿಲಯದ ಮೇಲಂತಸ್ತಿನಲ್ಲಿ ಮಲಗುವ ಮಕ್ಕಳು ಇದರ ಕಷ್ಟವನ್ನು ಬಲ್ಲರು. ಗಾಜಿನ ಮುಖಮಂಟಪ ಚಳಿನಾಡಿಗೆ ಭೂಷಣ. ನಮ್ಮಲ್ಲಿ ಅದು ಬಿಸಿಲನ್ನು ಒಳಗೆ ಕೂಡಿಹಾಕುವ ಪೆಟ್ಟಿಗೆ.

ಸಾಮಗ್ರಿಯನ್ನು ಹತ್ತಿರದಲ್ಲಿ ಹುಡುಕಿರಿ. ಕಲಬುರಗಿಯ ಕಡೆ ಶಹಾಬಾದಿ ಕಲ್ಲು, ಕರಾವಳಿಯಲ್ಲಿ ಜಂಬಿಟ್ಟಿಗೆ, ದಕ್ಷಿಣದ ಬಯಲಿನಲ್ಲಿ ಕೆಂಪು ಮಣ್ಣು ಇವೆ. ಒಂದು ಎಚ್ಚರಿಕೆ: ಒತ್ತಿಟ್ಟಿಗೆಗೆ ಎಲ್ಲ ಮಣ್ಣೂ ಹೊಂದುವುದಿಲ್ಲ. ನೀರುಂಡರೆ ಉಬ್ಬುವ ಎರೆಮಣ್ಣು ಇದಕ್ಕೆ ತಕ್ಕುದಲ್ಲ. ಮಣ್ಣನ್ನು ಪರೀಕ್ಷೆ ಮಾಡಿಸದೆ, ಕೆಲಸ ಬಲ್ಲ ಗೌಂಡಿಗಳಿಲ್ಲದೆ ಉತ್ಸಾಹವೊಂದನ್ನೇ ನಂಬಿ ಕೈಹಾಕಿದರೆ ಒಳ್ಳೆಯ ಪದ್ಧತಿಗೂ ಕೆಟ್ಟ ಹೆಸರು ಬರುತ್ತದೆ. ಮರಗಳಲ್ಲಿ ಹೊಂಗೆ, ಬೇವು, ಹುಣಿಸೆ, ನೇರಳೆ ಮೊದಲಾದ ನಾಡಮರಗಳನ್ನು ಕಟ್ಟಡಕ್ಕಿಂತ ಮೊದಲೇ ನೆಡಿರಿ. ಗೋಡೆ ಎರಡು ವರ್ಷದಲ್ಲಿ ಏಳುತ್ತದೆ, ನೆರಳಿಗೆ ಹತ್ತು ವರ್ಷ ಬೇಕು.

ಕೊನೆಯದಾಗಿ ದಾನಿಗಳಿಗೆ ಒಂದು ಮಾತು. ಕಟ್ಟಡದ ಮೇಲೆ ಹೆಸರು ಕೆತ್ತಿಸುವ ದಾನಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಆ ಕಟ್ಟಡದ ಸೋರಿಕೆಯನ್ನು ತಡೆಯಲು, ಕಟ್ಟೆಯ ಹೂಳು ತೆಗೆಸಲು, ಒಣಗಿದ ಗಿಡದ ಜಾಗದಲ್ಲಿ ಹೊಸ ಗಿಡ ನೆಡಲು ದತ್ತಿಯಿಡುವವರು ವಿರಳ. ಅಂಥ ದತ್ತಿಗೆ ಶಿಲಾಫಲಕವಿರುವುದಿಲ್ಲ. ಆದರೆ ಸಾಲೋಟಗಿಯ ಶಾಲೆಯ ದೀಪಕ್ಕೆ ಬಿಟ್ಟ 12 ನಿವರ್ತನ ಭೂಮಿಯನ್ನು ಸಾವಿರ ವರ್ಷಗಳ ಬಳಿಕವೂ ನಾವು ಸ್ಮರಿಸುತ್ತಿದ್ದೇವೆ. ಬೆವರು ಸುರಿಸಿ ದುಡಿದ ಭಕ್ತನು ಜೋಳಿಗೆಗೆ ಹಾಕಿದ ಹಣದಲ್ಲಿ ಒಂದು ರೂಪಾಯಿಯೂ ಕಟ್ಟಡದ ಡಂಬಕ್ಕೆ ವ್ಯಯವಾಗಬಾರದು. ಅದು ಹಳ್ಳಿಯಿಂದ ಬಂದ ಮಗುವಿನ ನೀರಾಗಬೇಕು, ನೆರಳಾಗಬೇಕು, ಓದುವ ಬೆಳಕಾಗಬೇಕು.

ಬಳ್ಳಿಗಾವೆಯ ಕೋಡಿಯ ಮಠ ಇಂದು ಇಲ್ಲ. ಅದರ ಹೆಸರು ಮಾತ್ರ ಕೆರೆಯ ಮಾತನ್ನು ಹೇಳುತ್ತಲೇ ಇದೆ. ನಾವು ಕಟ್ಟುವ ವಿದ್ಯಾಲಯಗಳೂ ತಮ್ಮ ನೆಲದ ಮಾತನ್ನು ಕೇಳಿ ಏಳಲಿ, ಅಲ್ಲಿ ಓದುವ ಮಕ್ಕಳು ಪುಸ್ತಕದಿಂದಷ್ಟೇ ಅಲ್ಲದೆ ಗೋಡೆಯಿಂದಲೂ ಮರದಿಂದಲೂ ನೀರಿನಿಂದಲೂ ಪಾಠ ಕಲಿಯುವಂತಾಗಲಿ ಎಂದು ಹಾರೈಸುತ್ತೇವೆ.